ಜೋಳಿಗೆ ಹಿಡಿದ ಡಾಕ್ಟರು

ಪ್ರೀತಿಯ ರಾಘು,

ನೋಡು ನೋಡು ಎಂದು ಎರಡು ತಿಂಗಳಿಂದ ನೀನು ಪ್ರಾಣ ತಿನ್ನುತ್ತಿದ್ದ ‘ಕೊರ್ಚಾಕ್’ ಚಿತ್ರವನ್ನು ಮೊನ್ನೆ ರಾತ್ರಿ ಕೊನೆಗೂ ನೋಡಿದೆ. ಕುಂದಾಪುರದ ಛತ್ರಿಯ ದಿನದಿಂದ ನಿನ್ನ ಅಭಿರುಚಿಯ ಬಗ್ಗೆ ನನಗಿರುವ ಸಂಶಯ ಹಾಗೆಯೇ ಇದೆ. ಇದೊಂದಕ್ಕೆ ಮಾತ್ರ ವಿನಾಯಿತಿ.

ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಪೋಲೆಂಡಿನ ವಾರ್ಸಾ ಗೆಟ್ಟೋದಲ್ಲಿ ಸುಮಾರು 200 ಅನಾಥ ಯಹೂದಿ ಮಕ್ಕಳನ್ನು ಸಾಕುತ್ತಿದ್ದ ಡಾಕ್ಟರ್ ಯಾನುಷ್ ಕೊರ್ಚಾಕ್, ತಾವೊಬ್ಬರೇ ಪಾರಾಗಲು ಒಪ್ಪದೆ 1942ರ ಆಗಸ್ಟ್‌ನಲ್ಲಿ ಆ ಮಕ್ಕಳೊಂದಿಗೇ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರದ ರೈಲು ಹತ್ತಿದ್ದು ನಮಗೆ ಗೊತ್ತಿದ್ದ ಕಥೆಯೇ. ಅದಕ್ಕೆ ಕೆಲವೇ ದಿನ ಮೊದಲು, ಜುಲೈ 18ರಂದು, ಆ ಮಕ್ಕಳು, ಸಾವಿನಂಚಿನ ಹುಡುಗನೊಬ್ಬನ ಕುರಿತಾದ ಠಾಕೂರರ ‘ಡಾಕ್‌ಘರ್’ ನಾಟಕ ಆಡಿದ್ದರೆಂದು ಹೇಳಿ ನೀನು ಎಷ್ಟು ಸಲ ಕಣ್ಣೊರೆಸಿಕೊಂಡಿಲ್ಲ! 1990ರ ಈ ಚಿತ್ರದ ಕೊನೆಯಲ್ಲಿ ನಿರ್ದೇಶಕ ಆಂಜೆಯ್ ವಾಯ್ದಾ ಬೋಗಿಯನ್ನು ಕಳಚಿ ಮಕ್ಕಳನ್ನು ಮಂಜಿನೊಳಗೆ ಬಿಟ್ಟುಬಿಟ್ಟದ್ದರ ಬಗ್ಗೆ ಭೇಟಿಯಾದಾಗ ಜಗಳವಾಡೋಣ.

ನನಗೆ ನಿದ್ದೆಗೆಡಿಸಿದ್ದು ಬೇರೆಯೇ ದೃಶ್ಯ. ಹೊರಗೆ ಜನ ಹಸಿವಿನಿಂದ ಸಾಯುತ್ತಿರುವಾಗ ಕಳ್ಳಸಾಗಣೆಯವರು ಕುಡಿದು ಮೆರೆಯುವ ಜಾಗಕ್ಕೆ ಹೋಗಿ ಈ ಮುದಿ ಡಾಕ್ಟರು ಮಕ್ಕಳಿಗಾಗಿ ಕೈಯೊಡ್ಡುತ್ತಾರೆ. ಅಂಥವರ ದುಡ್ಡು ಮುಟ್ಟಬಹುದೇ ಎಂದು ಆಕ್ಷೇಪಿಸಿದವರಿಗೆ, ತಮಗಿರುವುದು ಮಕ್ಕಳೇ ಹೊರತು ಮಾನವಲ್ಲ ಎಂಬರ್ಥದ ಉತ್ತರ ಕೊಡುತ್ತಾರೆ. ಪ್ರಾಣ ಹೋದರೂ ಮಾನ ಹೋಗಬಾರದೆಂದು ಕೇಳಿಕೊಂಡೇ ಬೆಳೆದ ನಾನು ಅಲ್ಲಿಗೇ ಚಿತ್ರ ನಿಲ್ಲಿಸಿ ಎದ್ದು ನೀರು ಕುಡಿದೆ.

2021ರ ಲಾಕ್‌ಡೌನಿನಲ್ಲಿ ನಾವು ರೇಷನ್ ಕಿಟ್ ಹಂಚುತ್ತಿದ್ದಾಗ, ಮರಳು ದಂಧೆಯವನೊಬ್ಬ ಕೊಡಲು ಬಂದ ಐವತ್ತು ಮೂಟೆ ಅಕ್ಕಿಯನ್ನು ನಾನು ಬೇಡವೆಂದದ್ದು ನಿನಗೆ ನೆನಪಿರಬೇಕು. ‘ಪಾಪದ ಅಕ್ಕಿ’ ಎಂದು ನಾನು ಬರೆದದ್ದಕ್ಕೆ ಬಂದ ಮೆಚ್ಚುಗೆಗಳನ್ನು ಇಬ್ಬರೂ ಕೂತು ಎಣಿಸಿದ್ದೆವು. ನಿನಗೆ ಹೇಳದೆ ಉಳಿದದ್ದು ಇಷ್ಟು: ಮರುವಾರ ಕಿಟ್ಟುಗಳೆಲ್ಲ ಮುಗಿದ ಮೇಲೆ ಒಬ್ಬ ಹೆಂಗಸು, ತೊಳೆದು ಮಡಚಿದ ಸಿಮೆಂಟ್ ಚೀಲವನ್ನು ಕಂಕುಳಲ್ಲಿಟ್ಟುಕೊಂಡು, ಸಂಜೆಯವರೆಗೂ ಗೇಟಿನ ಬಳಿ ನಿಂತಿದ್ದಳು. ನಾನು ಹಿಂಬಾಗಿಲಿನಿಂದ ಹೊರಟುಹೋದೆ. ಅಕ್ಕಿ ಬೇಡವೆನ್ನುವಾಗ ನನ್ನ ತಲೆಯಲ್ಲಿದ್ದದ್ದು, ಅವನ ಪಕ್ಕ ನಿಂತ ನನ್ನ ಫೋಟೋ ಪೇಪರಿನಲ್ಲಿ ಬಂದರೆ ಜನ ಏನೆಂದಾರು ಎಂಬುದೊಂದೇ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ ಮಾರಾಯ. ಕೊರ್ಚಾಕರ ಪಕ್ಕದಲ್ಲಿ ನನ್ನದೊಂದು ಕುರ್ಚಿ ಹಾಕಿಕೊಂಡದ್ದೇ ಅಧಿಕಪ್ರಸಂಗ. ಇದನ್ನೂ ಎಲ್ಲರೆದುರು ಹಾಕುತ್ತಿದ್ದೇನೆಂದರೆ ಎಣಿಸುವ ಚಟ ಬಿಟ್ಟಿಲ್ಲವೆಂದೇ ಲೆಕ್ಕ. ಮೊದಲು ಲೈಕ್ ಒತ್ತು, ಆಮೇಲೆ ಫೋನ್ ಮಾಡಿ ಬೈಯುವೆಯಂತೆ. ಛತ್ರಿ ಇನ್ನೂ ನನ್ನ ಬಳಿಯೇ ಇದೆ, ಕೊಡುವುದಿಲ್ಲ.

ಇಂತಿ ನಿನ್ನ,
ಮಾನವಂತ