ನನಗಾಗಿ ಕಾದು ಕೂತವರಿಗೆ ಥ್ಯಾಂಕ್ಸ್

ಮೊದಲ ವರ್ಷದ ಎಂಬಿಬಿಎಸ್ ರಿಸಲ್ಟ್ ಬಂತು. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೂರೂ ಪಾಸ್. ಡಿಸ್ಟಿಂಕ್ಷನ್ ಗಿಸ್ಟಿಂಕ್ಷನ್ ಏನೂ ಇಲ್ಲ. ಆದರೂ ಊರಲ್ಲಿ ಹೋಳಿಗೆ ಆಯಿತು, ಹಾಸ್ಟೆಲಿನಲ್ಲಿ ಪೇಡಾ ಹಂಚಿದ್ದೂ ಆಯಿತು. ಬಾಕಿ ಉಳಿದದ್ದು ಈ ಬರಹ. ಇದನ್ನೂ ಮುಂದಕ್ಕೆ ಹಾಕಿದರೆ ನನ್ನನ್ನು ಬಲ್ಲವರು ನಗುತ್ತಾರೆ.

ನಾನು ಬ್ಯಾಡಗಿ ಹತ್ತಿರದ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಆ ಕೋಟಾದಲ್ಲೇ ಸರ್ಕಾರಿ ಸೀಟು ಸಿಕ್ಕಿತು. ಪಿಯುಸಿಯಲ್ಲಿ ವಾರಕ್ಕೊಂದು ಟೆಸ್ಟ್ ಇಟ್ಟು, ಕೂರಿಸಿ ಓದಿಸುತ್ತಿದ್ದರು. ಮೆಡಿಕಲ್ ಕಾಲೇಜಿನಲ್ಲಿ ಹಾಜರಿ ಮಾತ್ರ ಕಟ್ಟುನಿಟ್ಟು: ಥಿಯರಿಗೆ 75 ಪರ್ಸೆಂಟ್, ಪ್ರಾಕ್ಟಿಕಲ್‌ಗೆ 80. ರೂಮಿಗೆ ಹೋದ ಮೇಲೆ ಪುಸ್ತಕ ತೆಗೆದೆಯಾ ಅಂತ ಕೇಳುವವರು ಯಾರೂ ಇಲ್ಲ. ನಾಳೆ ಓದಿದರಾಯಿತು ಅಂತ ದಿನಾ ಮುಂದಕ್ಕೆ ಹಾಕಿ ನನ್ನ ಓದು ಕೆಟ್ಟದ್ದು ಅಲ್ಲೇ. ಸರಿಹೋಗಿದ್ದೂ ಮತ್ತೆ ಕೇಳುವವರು ಸಿಕ್ಕಿದ್ದರಿಂದ. ಹಾಗಾಗಿ ನನ್ನ ಛಲ, ನನ್ನ ಶ್ರಮ ಅಂತ ಯಾರಾದರೂ ಹೊಗಳಿದರೆ ಸ್ವಲ್ಪ ಮುಜುಗರ ಆಗುತ್ತದೆ.

ಮೊದಲು ಫಿಸಿಯಾಲಜಿ ಮೇಡಂ. ಮೊದಲ ಇಂಟರ್ನಲ್ಸ್‌ನಲ್ಲಿ ನನಗೆ ತೀರಾ ಕಡಿಮೆ ಬಂದಿದ್ದು ಅವರ ಸಬ್ಜೆಕ್ಟಿನಲ್ಲೇ. ಕರೆಸಿದರು. ಬೈತಾರೆ ಅಂತ ತಯಾರಾಗಿಯೇ ಹೋದೆ. ಅವರು ನನ್ನ ಪುಸ್ತಕ ಇಸಿದುಕೊಂಡು ಪುಟ ತಿರುವಿದರು. ಎಲ್ಲಾ ಕಡೆ ಹಳದಿ ಹೈಲೈಟರ್. ಗೆರೆ ಬೀಳದ ಸಾಲನ್ನು ಹುಡುಕಬೇಕಿತ್ತು. ಪುಸ್ತಕ ಮುಚ್ಚಿಟ್ಟು, ಒಂದು ಬಿಳಿ ಹಾಳೆ ಮುಂದೆ ತಳ್ಳಿ, "ಕಾರ್ಡಿಯಾಕ್ ಸೈಕಲ್ ಬರಿ ಪುಟ್ಟಾ" ಅಂದರು.

ಹೃದಯದ ಒಂದು ಬಡಿತಕ್ಕೆ 0.8 ಸೆಕೆಂಡ್ ಅಂತ ಬರೆದೆ. ಏಟ್ರಿಯಂ, ಅಂದರೆ ಹೃದಯದ ಮೇಲಿನ ಕೋಣೆ, ಕುಗ್ಗುವುದಕ್ಕೆ 0.1 ಅಂತಲೂ ಬರೆದೆ. ಅಲ್ಲಿಗೆ ನಿಂತಿತು. ಹಿಂದಿನ ರಾತ್ರಿಯಷ್ಟೇ ಓದಿದ್ದೆ! ಮೇಡಂ ಕೆಂಪು ಪೆನ್ನಲ್ಲಿ ವೆಂಟ್ರಿಕಲ್ (ಕೆಳಗಿನ ಕೋಣೆ) ಕುಗ್ಗಲು 0.3, ಸಡಿಲಾಗಲು 0.5 (ನಾನು ಬರೆದ 0.1 ಇದರೊಳಗೇ ಬರುತ್ತದೆ) ಅಂತ ಸೇರಿಸಿದರು. ಯಾವ ಕವಾಟ ಯಾವಾಗ ಮುಚ್ಚುತ್ತದೆ ಅನ್ನುವ ಜಾಗವನ್ನು ಖಾಲಿ ಬಿಟ್ಟು ಅದಕ್ಕೊಂದು ಸುತ್ತು ಹಾಕಿದರು. "ನೀನು ಇವತ್ತು ಓದಬೇಕಾದ್ದು ಈ ಸುತ್ತು ಹಾಕಿದ್ದು ಮಾತ್ರ. ನಾಳೆ ಎಂಟೂ ಮುಕ್ಕಾಲಿಗೆ ಇನ್ನೊಂದು ಹಾಳೆ ತಗೊಂಡು ಬಾ."

ಅಷ್ಟೇ. ಇಡೀ ಚಾಪ್ಟರ್ ಓದಬೇಕು ಅಂದಾಗ ಕೈಕಾಲು ಆಡದವಳಿಗೆ ಒಂದು ಸುತ್ತಿನೊಳಗಿನದ್ದು ಓದುವುದು ಕಷ್ಟ ಅನ್ನಿಸಲಿಲ್ಲ. ಜೊತೆಗೆ, ಮೇಡಂ ಎಂಟೂ ಮುಕ್ಕಾಲಿಗೆ ಬಂದು ಕೂತಿರುತ್ತಾರೆ ಅನ್ನೋದು ತಲೆಯಲ್ಲಿ ಕೊರೆಯುತ್ತಿತ್ತು. ಬರಿಗೈಯಲ್ಲಿ ಹೇಗೆ ಹೋಗೋದು ಅಲ್ವಾ?

ಆಮೇಲೆ ಗೊತ್ತಾಯಿತು, ಮೇಡಂ ಮಾಡಿಸಿದ್ದಕ್ಕೆ ಪ್ರಯೋಗದ ಆಧಾರವೂ ಇದೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಪಾಠ ಕೊಟ್ಟು, ಕೆಲವರಿಗೆ ಮತ್ತೆ ಓದಲು ಬಿಟ್ಟರು, ಕೆಲವರಿಂದ ನೋಡದೆ ಬರೆಸಿದರು. ಐದು ನಿಮಿಷಕ್ಕೇ ಪರೀಕ್ಷೆ ಇಟ್ಟಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಇಟ್ಟಾಗ, ನೋಡದೆ ಬರೆದವರು ಮುಂದೆ. ಹೈಲೈಟರ್ ಹಿಡಿದು ಕೂತಾಗ ಎಲ್ಲಾ ಬಂತು ಅನ್ನಿಸುತ್ತಿದ್ದದ್ದು ಯಾಕೆ ಅಂತ ಆಗ ಅರ್ಥ ಆಯಿತು. ಆ ಐದು ನಿಮಿಷದ ಜಾಣತನಕ್ಕೇ ನಾನು ಮರುಳಾಗಿದ್ದೆ.

ಎರಡನೆಯವಳು ನನ್ನ ರೂಮ್‌ಮೇಟ್, ಕಲಬುರಗಿಯವಳು. ನನ್ನ ಬಣ್ಣಬಣ್ಣದ ಟೈಂಟೇಬಲ್‌ಗಳನ್ನು ನೋಡಿ ಅವಳಿಗೆ ಸಾಕಾಗಿತ್ತು. "ಇವತ್ತೂ ಟೈಂಟೇಬಲ್ಲೇ ಬರೀಲಕತ್ತಿಯೇನು?" ಅನ್ನೋಳು. ಒಂದು ದಿನ ನನ್ನ ಪುಸ್ತಕದ ಕಪಾಟಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ "ನಾಳೆ ಬಾ" ಅಂತ ಬರೆದಿಟ್ಟಳು. ದೆವ್ವ ಓಡಿಸೋಕೆ ನಮ್ಮೂರ ಮನೆ ಬಾಗಿಲಿಗೆ ಬರೀತಿದ್ದರಲ್ಲ, ಅದೇ. ನಾನು ಅನಾಟಮಿಯನ್ನು ದಿನಾ ಹಾಗೇ ವಾಪಸ್ ಕಳಿಸುತ್ತಿದ್ದೇನೆ ಅಂತ ಅವಳ ಆರೋಪ. ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಆದರೆ ಅವಳು ಬರೀ ನಗಿಸಿ ಬಿಡಲಿಲ್ಲ. ರಾತ್ರಿ ಊಟ ಆದ ಮೇಲೆ ನನ್ನ ಫೋನನ್ನು ಟ್ರಂಕಿಗೆ ಹಾಕಿ, ಬೀಗ ಜಡಿದು, ಕೀಲಿ ಅವಳೇ ಇಟ್ಟುಕೊಳ್ಳುತ್ತಿದ್ದಳು. ಎದುರುಬದುರು ಕೂತು ಓದುತ್ತಿದ್ದೆವು. ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳು ಓದ್ತಾ ಇದ್ದರೆ ನಾನು ಏಳುವ ಹಾಗಿಲ್ಲ, ಅಷ್ಟೇ ನಿಯಮ.

ಶವ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನ ಅಟೆಂಡರ್ ಅಣ್ಣನ್ನ ಬಿಡೋಕೆ ಆಗಲ್ಲ. ಬೀಗ ಹಾಕುವ ಮುಂಚೆ ಒಂದು ಮೂಳೆ ಕೈಗಿಟ್ಟು "ಎಡಗಡೇದೋ ಬಲಗಡೇದೋ ಹೇಳಮ್ಮ" ಅಂತ ಕೇಳೋರು. ಕ್ಲಾವಿಕಲ್ (ಕತ್ತಿನ ಬುಡದ ಕಾಲರ್ ಬೋನ್) ಆದರೆ ದಪ್ಪ ತುದಿ ಎದೆ ಕಡೆ, ಚಪ್ಪಟೆ ತುದಿ ಭುಜದ ಕಡೆ, ತೋಡಿನಂಥ ಗೆರೆ ಇರೋ ಮೈ ಕೆಳಗೆ. ತಪ್ಪು ಹೇಳಿದರೆ ಬೀಗ ಹಾಕದೆ ಸುಮ್ನೆ ನಿಂತಿರುತ್ತಿದ್ದರು. ಬಾಯಿಮಾತಿನ ಪರೀಕ್ಷೆ ವೈವಾದಲ್ಲಿ ನನಗೆ ಅಷ್ಟು ಒತ್ತಡ ಆಗಲಿಲ್ಲ, ಅಣ್ಣನ ಬೀಗದ ಮುಂದೆ ಆಗಿದ್ದಷ್ಟು.

ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೌಸ್ ಸರ್ಜನ್ ಆಗಿದ್ದ ಒಬ್ಬರು ಅಕ್ಕ ನೈಟ್ ಡ್ಯೂಟಿ ಮುಗಿಸಿ ಬಂದು, ಕಣ್ಣು ಎಳೆಯುತ್ತಿದ್ದರೂ ಒಂದು ಮಾತು ಹೇಳಿದ್ದರು: "ಸೋಮಾರಿತನ ಅಂತ ಬೈಕೋಬೇಡ ಕಣೆ, ಇದು ಹೆದರಿಕೆ." ಸಿರೋಯ್ ಮತ್ತು ಪಿಚಿಲ್ ಅನ್ನುವ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದದ್ದೂ ಹೆಚ್ಚುಕಮ್ಮಿ ಇದೇ. ಕೆಲಸ ಮುಂದಕ್ಕೆ ಹಾಕುವುದು ಸಮಯದ ಲೆಕ್ಕಕ್ಕಿಂತ ಜಾಸ್ತಿ, ಆ ಕ್ಷಣದ ಕಸಿವಿಸಿಯಿಂದ ತಪ್ಪಿಸಿಕೊಳ್ಳುವ ದಾರಿ. ಮೊದಲ ವರ್ಷ ಪಾಸಾಗಲು ಸಿಗೋದೇ ಒಟ್ಟು 4 ಅವಕಾಶ ಅಂತ ಗೊತ್ತಿದ್ದಾಗ ಕಸಿವಿಸಿ ಆಗದೇ ಇರುತ್ತಾ? ಅಕ್ಕ ತಾವು ಓದಲು ಇಟ್ಟುಕೊಂಡಿದ್ದ ಮೂಳೆಗಳ ಬೋನ್ ಸೆಟ್ಟನ್ನೂ ಕೊಟ್ಟರು. ವಾಪಸ್ ಕೇಳಲೇ ಇಲ್ಲ.

ಇನ್ನು ಅವ್ವ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ ಎಲ್ಲರೂ ಅಂತಾರೆ. ದಿನವಿಡೀ ತೊಟ್ಟು ಬಿಡಿಸಿದ ಕೈಯನ್ನು ಕೇಳಿ ನೋಡಿ. ಮೊದಲೆಲ್ಲಾ ಫೋನ್ ಮಾಡಿದರೆ "ಊಟ ಆತೇನವ್ವಾ, ಓದಾಕತ್ತೀಯಿಲ್ಲೋ" ಅನ್ನೋಳು. ನಾನು ಹೂಂ ಅನ್ನುತ್ತಿದ್ದೆ. ಒಂದು ರಾತ್ರಿ ಅವಳೇ ಕೇಳಿದಳು: "ನೀ ಡಾಕ್ಟರಿಕಿ ಓದಾಕತ್ತಿ, ನನ್ನ ಕೈ ತಣ್ಣಗ ಐತಿ, ಆದ್ರೂ ಬೆಂಕ್ಯಾಗ ಇಟ್ಟಂಗ ಯಾಕ ಉರೀತೈತಿ ಹೇಳ ನೋಡೋಣ?"

ನನಗೆ ಉತ್ತರ ಗೊತ್ತಿರಲಿಲ್ಲ. ನಾಳೆ ಹೇಳ್ತೀನಿ ಅಂದೆ. ಈ ಸಲದ ನಾಳೆಗೆ ನಿಜಕ್ಕೂ ಓದಿದೆ. ಚರ್ಮದ ನರದ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಒಂದು ರಿಸೆಪ್ಟರ್ ಇದೆ. ಸುಮಾರು 43 ಡಿಗ್ರಿಗಿಂತ ಬಿಸಿ ತಾಗಿದರೆ ಅದು ತೆರೆದುಕೊಂಡು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಿಸಿಯೇ ಇಲ್ಲದೆ ಅದನ್ನು ತೆರೆಸಿಬಿಡುತ್ತದೆ. ಮಿದುಳಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಸುಟ್ಟಿತು ಅಂದುಕೊಳ್ಳುತ್ತದೆ. ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಕ್ಯಾಪ್ಸೈಸಿನ್ ನೀರಿಗೆ ಬಗ್ಗಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಮೊದಲು ಎಣ್ಣೆ ಹಚ್ಚಿ ತಿಕ್ಕು, ಆಮೇಲೆ ಸೋಪು ಹಾಕಿ ತೊಳಿ ಅಂದೆ. ಅವ್ವ ಮಾರನೇ ದಿನ ಜೊತೆಗೆ ಕೂರುವ ಹೆಂಗಸರಿಗೆಲ್ಲ ಹೇಳಿದಳಂತೆ. "ನೊಬೆಲ್ ಅಂದ್ರ ಎಷ್ಟ ರೊಕ್ಕ ಕೊಡ್ತಾರ?" ಅಂತ ಅವರ ಪ್ರಶ್ನೆ.

ಅಲ್ಲಿಂದ ದಿನಾ ರಾತ್ರಿ ಒಂದು ಪ್ರಶ್ನೆ ಬರತೊಡಗಿತು. ಕೂತಲ್ಲೇ ಕಾಲು ಜೋಮು ಹಿಡಿಯೋದು ಯಾಕೆ? ಆಕಳಿಕೆ ಒಬ್ಬರಿಂದ ಒಬ್ಬರಿಗೆ ಹೇಗೆ ಅಂಟುತ್ತದೆ? ಕೆಲವು ಅವಳದು, ಕೆಲವು ಅವಳ ಗೆಳತಿಯರದು. ಅವ್ವನಿಗೆ ಅರ್ಥ ಆಗುವ ಹಾಗೆ ಹೇಳಬೇಕು ಅಂದರೆ ನನಗೆ ಮೊದಲು ಅರ್ಥ ಆಗಿರಬೇಕಿತ್ತು. ಇಂಗ್ಲಿಷ್ ವಾಕ್ಯಗಳನ್ನು ಗಿಳಿಪಾಠ ಒಪ್ಪಿಸಿದರೆ ಅವಳು "ಹಂಗಂದ್ರ?" ಅಂತ ನಿಲ್ಲಿಸಿಬಿಡುತ್ತಿದ್ದಳು. ಆಕಳಿಕೆಯ ವಿಷಯದಲ್ಲಿ ಇನ್ನೂ ಅವಳಿಗೆ ನನ್ನ ಉತ್ತರ ಸಮಾಧಾನ ಕೊಟ್ಟಿಲ್ಲ.

ತಡರಾತ್ರಿ ಚಹಾ ಇಟ್ಟುಕೊಟ್ಟ ಮೆಸ್ಸಿನ ಅಕ್ಕಂದಿರಿಗೆ, ಸ್ಲೈಡುಗಳನ್ನು ಮತ್ತೊಮ್ಮೆ ತೋರಿಸಿ ಅಂದಾಗ ಬೇಸರ ಮಾಡಿಕೊಳ್ಳದ ಹಿಸ್ಟಾಲಜಿ ಸರ್‌ಗೆ, ರೆಕಾರ್ಡ್ ಬರೆಯಲು ಜೊತೆ ಕೂತ ಬ್ಯಾಚ್‌ನವರಿಗೆ ತುಂಬಾ ಥ್ಯಾಂಕ್ಸ್. ಬೆಳಗಿನ ಜಾವ ನಾಲ್ಕಕ್ಕೆ ಏಳು ಅಂತ ಸಲಹೆ ಕೊಟ್ಟ ಸಂಬಂಧಿಕರಿಗೂ ಕೂಡ. ನಾನು ಏಳಲಿಲ್ಲ, ಏಳೋದೂ ಇಲ್ಲ.

ಸೋಮವಾರದಿಂದ ಫಾರ್ಮಕಾಲಜಿ, ಪೆಥಾಲಜಿ, ಮೈಕ್ರೋಬಯಾಲಜಿ ಶುರು. ಹೊಸ ಬ್ಯಾಚಿನ ಹುಡುಗಿಯರೂ ಬರುತ್ತಿದ್ದಾರೆ. ನಮ್ಮ ಹಾಸ್ಟೆಲಿನವರಾದರೆ ರಾತ್ರಿ ಊಟ ಆದ ಮೇಲೆ ರೀಡಿಂಗ್ ರೂಮಿಗೆ ಬನ್ನಿ. ವಾಟರ್ ಫಿಲ್ಟರ್ ಪಕ್ಕದ ಟೇಬಲ್ ನಮ್ಮದು. ಬಿಳಿ ಹಾಳೆ ನೀವು ತನ್ನಿ, ಕೆಂಪು ಪೆನ್ನು ನನ್ನ ಹತ್ತಿರ ಇದೆ. ಫೋನ್ ಮಾತ್ರ ಕಲಬುರಗಿಯವಳ ಕೈಗೆ ಕೊಡಬೇಕಾಗುತ್ತದೆ.