ಶನಿವಾರ ರಾತ್ರಿ ಸರ್ವರ್ ಕೆಲಸ: ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ರಾತ್ರಿ 10ರಿಂದ 12ರವರೆಗೆ ನಮ್ಮ ಮಂಗಳೂರು, ಉಡುಪಿ ಕಚೇರಿಗಳ ಲಿನಕ್ಸ್ ಸರ್ವರ್‌ಗಳಲ್ಲಿ ಕೆಲಸವಿದೆ. ಅಷ್ಟು ಹೊತ್ತು ಯಾರಿಗೂ ಲಾಗಿನ್ ಸಿಗುವುದಿಲ್ಲ.

ಆ ಬಳಿಕ ಎಸ್‌ಎಸ್‌ಎಚ್‌ಗೆ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಪಾಸ್‌ವರ್ಡ್ ನಡೆಯುವುದಿಲ್ಲ, ಕೀ (ಎರಡು ಜೋಡಿ ಫೈಲುಗಳ ಡಿಜಿಟಲ್ ಬೀಗದ ಕೈ) ಮಾತ್ರ. ಶುಕ್ರವಾರ ಸಂಜೆಯೊಳಗೆ ಎಸ್‌ಎಸ್‌ಎಚ್-ಕೀಜೆನ್ ಎಂಬ ಕಮಾಂಡ್‌ನಲ್ಲಿ ಇಡಿ25519 ಬಗೆಯ ಕೀ ಮಾಡಿಕೊಂಡು, ಹೆಸರಿನ ಕೊನೆಗೆ ‘.ಪಬ್’ ಇರುವ ಫೈಲನ್ನು ಮಾತ್ರ ನನಗೆ ಕಳುಹಿಸಿ. ಅದರ ಜೋಡಿ ಫೈಲು (ನಿಮ್ಮ ಗುಟ್ಟಿನ ಕೀ) ನಿಮ್ಮ ಕಂಪ್ಯೂಟರ್ ಬಿಟ್ಟು ಕದಲಬಾರದು, ಈ ಗುಂಪಿಗಂತೂ ಬೇಡವೇ ಬೇಡ. ಸರ್ವರ್‌ನ ಲಾಗ್ (ಲಾಗಿನ್ ಪ್ರಯತ್ನಗಳ ದಾಖಲೆ) ತೆರೆದರೆ ‘ರೂಟ್’, ‘ಅಡ್ಮಿನ್’ ಎಂಬ ಹೆಸರಲ್ಲಿ ಊರೂರಿನಿಂದ ಬಾಗಿಲು ತಟ್ಟುವವರ ಸಾಲು ಮುಗಿಯುವುದೇ ಇಲ್ಲ. ಫೇಲ್2ಬ್ಯಾನ್ ಎಂಬ ಕಾವಲು ಪ್ರೋಗ್ರಾಂ ಅವರ ಐಪಿ (ಇಂಟರ್ನೆಟ್ ವಿಳಾಸ) ತಡೆಯುತ್ತದೆ. ಪದೇ ಪದೇ ತಪ್ಪಿದರೆ ನಿಮ್ಮದನ್ನೂ ತಡೆಯುತ್ತದೆ, ಅದಕ್ಕೆ ದಾಕ್ಷಿಣ್ಯವಿಲ್ಲ.

ಬ್ಯಾಕಪ್ ಇನ್ನು ಪ್ರತಿ ರಾತ್ರಿ 2ಕ್ಕೆ ಫೈಲು ನಕಲಿಸುವ ಆರ್‌ಸಿಂಕ್ ಪ್ರೋಗ್ರಾಂ ಮೂಲಕ ಮಂಗಳೂರಿನಿಂದ ಉಡುಪಿಗೆ ಹೋಗುತ್ತದೆ. ಎರಡೂ ಪ್ರತಿ ಒಂದೇ ಕೋಣೆಯಲ್ಲಿದ್ದರೆ ನಮ್ಮ ಮಳೆಗಾಲದ ಒಂದು ಸಿಡಿಲು ಸಾಕು. ಇಲ್ಲಿ ಅಳಿಸಿದ ಫೈಲು ಮರುದಿನ ಅಲ್ಲಿಯೂ ಮಾಯವಾಗದಂತೆ 7 ದಿನಗಳ ಪ್ರತಿಗಳನ್ನು ಬೇರೆ ಬೇರೆಯಾಗಿ ಇಡುತ್ತೇವೆ. ಮರಳಿ ತೆಗೆದು ನೋಡದ ಬ್ಯಾಕಪನ್ನು ನಾನು ನಂಬುವುದಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಪರೀಕ್ಷಿಸಲು ಉಡುಪಿ ಕಡೆಯ ಒಬ್ಬರು ಬೇಕು.

ಡಿಸ್ಕ್ 80% ತುಂಬಿದರೆ ಈ ಗುಂಪಿಗೇ ಎಚ್ಚರಿಕೆ ಬರುತ್ತದೆ, ಮ್ಯೂಟ್ ಮಾಡಬೇಡಿ.

ಕೀ ಕಳುಹಿಸಿದವರು ಇಲ್ಲಿ ‘ಆಯಿತು’ ಎಂದು ಬರೆಯಿರಿ. ಭಾನುವಾರ ಯಾರು ಬರುತ್ತೀರಿ?