ಗೊಂಬೆ ಏನು ಮಾಡುತ್ತಿದೆ?

ಪ್ರಿಯ ಯುವ ಮಿತ್ರರೇ,

ಥೀಮ್ ಪಾರ್ಕ್‌ಗಳಲ್ಲಿ ಹೆಣ್ಣನ್ನೂ ನಮ್ಮ ಜನಪದವನ್ನೂ ತೋರಿಸುವ ಬಗೆ ಕುರಿತ ನಿಮ್ಮ ಕರಡು ಓದಿದೆ. ಸಿಟ್ಟು ಸರಿಯಾಗಿದೆ, ಸರಕು ಸಾಲದು. ಗಂಡು ಗೊಂಬೆ ಎಷ್ಟು, ಹೆಣ್ಣು ಗೊಂಬೆ ಎಷ್ಟು ಎಂಬ ಲೆಕ್ಕ ಕೊಟ್ಟಿದ್ದೀರಿ. ತಲೆ ಎಣಿಸಿದ ಮೇಲೆ ಪ್ರತಿ ಗೊಂಬೆಯ ಮುಂದೆ ಅದು ಏನು ಮಾಡುತ್ತಿದೆ ಅಂತಲೂ ಬರೆದುಕೊಳ್ಳಿ.

ಡಿಸ್ನಿಲ್ಯಾಂಡಿನ ಕಡಲ್ಗಳ್ಳರ ರೈಡ್ ನೋಡಿ, ದೋಣಿಯಲ್ಲಿ ಕೂತು ಚಲಿಸುವ ಗೊಂಬೆಗಳ ದೃಶ್ಯ ನೋಡುತ್ತ ಸಾಗುವ ಆಟ ಅದು. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದಾಗ ಊರ ಹೆಂಗಸರನ್ನು ಹಗ್ಗದಿಂದ ಕಟ್ಟಿ, ಮದುವೆಗೆಂದು ಹರಾಜು ಹಾಕುವ ದೃಶ್ಯ ಅದರಲ್ಲಿತ್ತು. ಇನ್ನೊಂದೆಡೆ ಕಳ್ಳರು ಹೆಂಗಸರನ್ನು ಅಟ್ಟಿಸಿಕೊಂಡು ಓಡುತ್ತಿದ್ದರು. 1997ರಲ್ಲಿ ಓಡುವವರ ಕೈಗೆ ಊಟದ ತಟ್ಟೆ ಕೊಟ್ಟರು. ಕಳ್ಳರಿಗೆ ಬೇಕಿದ್ದದ್ದು ಊಟ ಅಂತಾಯಿತು, ಓಟ ನಿಲ್ಲಲಿಲ್ಲ. 2018ರಲ್ಲಿ ಹರಾಜಿನ ದೃಶ್ಯ ಬದಲಾಯಿತು. ಹರಾಜಿಗೆ ನಿಂತಿದ್ದ ಕೆಂಗೂದಲಿನವಳೇ ಈಗ ಬಂದೂಕು ಹಿಡಿದ ಕಡಲ್ಗಳ್ಳಿ, ಬಿಕರಿಯಾಗುವುದು ದೋಚಿದ ಮಾಲು. ಈ ಎರಡು ತಿದ್ದುಪಡಿಗಳ ನಡುವಿನ ಅಂತರ ತಲೆ ಎಣಿಸಿದರೆ ಸಿಗದು. ಹಾಗೆಯೇ, ಪ್ಯಾರಿಸ್‌ನ ಪಾರ್ಕಿನಲ್ಲಿ ಈ ಬದಲಾವಣೆ 2017ರಲ್ಲೇ ಆಗಿತ್ತು. ಯಾವ ಊರು, ಯಾವ ವರ್ಷ ಅಂತ ಹೇಳದೆ 'ಡಿಸ್ನಿಯವರು ಹೀಗೆ ತೋರಿಸುತ್ತಾರೆ' ಎಂದರೆ ಮುಗೀತು, ಹಳೆಯ ವಿಡಿಯೊ ನೋಡಿ ಬರೆದವರು ಸಿಕ್ಕಿಬೀಳುವುದು ಅಲ್ಲೇ.

ಬೆಂಗಳೂರಿನ ಸುತ್ತಲಿನ ಪಾರ್ಕ್‌ಗಳ ಬಗ್ಗೆ ಬರೆಯುವವರು ರೈಡ್‌ಗಿಂತ ಗೇಟಿನ ಸ್ವಾಗತ, ವೇದಿಕೆಯ ಶೋ ನೋಡಬೇಕು. ಒಂದೇ ಶೋ ಮೂರು ಸಲ ನೋಡಿ: ಮೊದಲ ಸಲ ಸುಮ್ಮನೆ, ಎರಡನೇ ಸಲ ಹೆಂಗಸರನ್ನು ಮಾತ್ರ, ಮೂರನೇ ಸಲ ಮೈಕ್ ಯಾರ ಕೈಯಲ್ಲಿದೆ, ಜೋಕು ಯಾರ ಮೇಲೆ ಅಂತ. ವಾರದ ದಿನದ ತಂಡ ಭಾನುವಾರ ಇರಲಿಕ್ಕಿಲ್ಲ, ಎರಡೂ ದಿನ ಹೋಗಿ. ಆರತಿ ತಟ್ಟೆ ಹಿಡಿದು ಕುಂಕುಮ ಇಡುವವರು ಯಾರು, ಡೊಳ್ಳು ಬಾರಿಸುವವರು ಯಾರು? ಸೀರೆ ಉಟ್ಟ ಗಂಡಸನ್ನು ತೋರಿಸಿ ನಗಿಸುವ ಸ್ಕಿಟ್ ಇದ್ದರೆ ಅದನ್ನೂ ಬರೆಯಿರಿ. ಟ್ರಾನ್ಸ್‌ಜೆಂಡರ್ ಮಹಿಳೆ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರ ಪದ್ಮಶ್ರೀ ಪಡೆದ ನಾಡಿದು. ಅಂಥ ನಾಡಿನಲ್ಲೂ ಆ ಬಗೆಯ ಸ್ಕಿಟ್ ಇನ್ನೂ ಓಡುತ್ತಿದ್ದರೆ ಅದು ಬರೆಯಬೇಕಾದ ಸಂಗತಿ.

ಜನಪದದ ವಿಷಯದಲ್ಲಿ 'ಕರ್ನಾಟಕದ ಸಾಂಪ್ರದಾಯಿಕ ನೃತ್ಯ' ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಕಂಸಾಳೆ ಮಲೆಮಹದೇಶ್ವರನ ಗುಡ್ಡರದು, ಅಂದರೆ ದೀಕ್ಷೆ ಪಡೆದ ಭಕ್ತರದು: ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ, ಕಥೆ ಹಾಡುತ್ತ ಬಾರಿಸುವುದು. ಡೊಳ್ಳು ಬೀರೇಶ್ವರನ ಒಕ್ಕಲಾದ ಕುರುಬರದು. ಎರಡಕ್ಕೂ ಒಂದೇ ಪೇಟ, ಒಂದೇ ರೆಕಾರ್ಡೆಡ್ ಟ್ರ್ಯಾಕ್ ಹಾಕಿದ್ದರೆ ಮೊದಲು ಮಾಯವಾಗುವುದು ಹಾಡಿದ ಕಥೆ. ಅನುಮಾನ ಬಂದರೆ ಮೈಸೂರು ರಸ್ತೆಯಲ್ಲಿ ಬಿಡದಿ, ರಾಮನಗರ ದಾಟಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ವಾದ್ಯ, ವೇಷ ಹೋಲಿಸಿ ನೋಡಿ.

ನಿಮ್ಮ ಕರಡಿನ 'ಹಿಂದೆ ಹೆಣ್ಣಿಗೆ ರಂಗವೇ ಇರಲಿಲ್ಲ' ಎಂಬ ಸಾಲು ಹೊಡೆದುಹಾಕಿ. ಆರ್. ನಾಗರತ್ನಮ್ಮ 1958ರಲ್ಲೇ ಬರೀ ಹೆಂಗಸರ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸನ ಪಾತ್ರ ಮಾಡಿದವರು. ಯಕ್ಷಗಾನದ ಸ್ತ್ರೀವೇಷವನ್ನು ಹೆಂಗಸರ ಲೆಕ್ಕಕ್ಕೆ ಸೇರಿಸುವ ಮುನ್ನ ಒಳಗಿರುವವರು ಯಾರು ಅಂತಲೂ ನೋಡಿ.

ಶೋ ಮುಗಿದ ಮೇಲೆ ಮ್ಯಾನೇಜರ್ ಬಳಿ ಹೋಗುವ ಮೊದಲು ತಂಡದ ಮುಖ್ಯಸ್ಥರನ್ನು ಮಾತಾಡಿಸಿ. ಹೆಣ್ಣಿಗೂ ಗಂಡಿಗೂ ಒಂದೇ ಸಂಭಾವನೆಯೇ, ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇದೆಯೇ, ಆಟವನ್ನು ಎಷ್ಟು ನಿಮಿಷಕ್ಕೆ ಇಳಿಸಲು ಹೇಳಿದರು, ಏನು ಬಿಟ್ಟರು, ಇವಿಷ್ಟು ಕೇಳಿ. ಹೆಸರು ಹಾಕಬಹುದೇ ಅಂತ ಎದುರಿಗೇ ಕೇಳಿಕೊಳ್ಳಿ. ಹೆಸರು ಬಂದರೆ ಅವರ ಕೆಲಸಕ್ಕೇ ಕುತ್ತು ಬರಬಹುದು, ಮುಂದಿನ ವಾರದ ಬುಕಿಂಗ್ ಅವರ ಕೈಯಲ್ಲಿರುವುದಿಲ್ಲ.